ಅರ್ಧ ದಾರಿಯಲ್ಲಿ ಪ್ರತಿಭಾ ಪಾಟೀಲ್: ಹುದ್ದೆಗೆ ನ್ಯಾಯ ಸಂದಿದೆಯೇ?

2007ರ ಜುಲೈ 25ರಂದು ಪ್ರಮಾಣ ವಚನ ಸ್ವೀಕರಿಸಿದ ರಾಷ್ಟ್ರಪತಿಯ ಅವಧಿಯಲ್ಲಿ ಈ ಜನವರಿಗೆ, ಅಂದರೆ 2010ರ ಆರಂಭಕ್ಕೆ, ಎರಡೂವರೆ ವರ್ಷ ತುಂಬುತ್ತದೆ.

ಪರ

ಇವರು ಮಾಡಿದ್ದೇನು ಎಂದು ಕೇಳುವವರು ಕಳೆದ ನವೆಂಬರ್ 25ರಂದು ಪುಣೆಯ ಲೋಹಗಾಂವ್ ವಾಯುನೆಲೆಯಲ್ಲಿ ನಡೆದದ್ದನ್ನು ಇನ್ನೊಮ್ಮೆ ನೋಡಲಿ. ಎಪ್ಪತ್ತೈದರ ಹೊಸ್ತಿಲಲ್ಲಿದ್ದ, ತಲೆಯ ಮೇಲಿನ ಸೆರಗು ಎಂದೂ ಜಾರದ ಹೆಂಗಸು ಜಿ-ಸೂಟ್ ತೊಟ್ಟು ಸುಖೋಯ್-30 ಏರಿ ಸುಮಾರು ಅರ್ಧ ಗಂಟೆ ಹಾರಿದರು. ಅಜ್ಜಿಯ ಸಾಹಸವೆಂದು ಮೆಚ್ಚಿ ಪುಟ ತಿರುವಿದವರೇ ಹೆಚ್ಚು. ಅದಕ್ಕೆ ಕೆಲವೇ ದಿನ ಮುಂಚೆ ವಾಯುಪಡೆಯ ಉಪಮುಖ್ಯಸ್ಥರು ಯುದ್ಧವಿಮಾನದ ಮಹಿಳಾ ಪೈಲಟ್‌ಗಳ ಮಾತು ಬಂದಾಗ ತಾಯ್ತನದ ತಕರಾರು ತೆಗೆದಿದ್ದರು. ಅಷ್ಟು ಖರ್ಚು ಮಾಡಿ ತರಬೇತಿ ಕೊಟ್ಟ ಮೇಲೆ ಬಸಿರು, ಬಾಣಂತನ ಎಂದರೆ ಹೇಗೆ ಎಂಬುದು ಅದರ ಸಾರ. ಸಾಗಣೆ ವಿಮಾನ, ಹೆಲಿಕಾಪ್ಟರ್‌ಗಳನ್ನು ಹೆಣ್ಣುಮಕ್ಕಳು ತೊಂಬತ್ತರ ದಶಕದಿಂದಲೂ ಹಾರಿಸುತ್ತಿದ್ದಾರೆ. ಮುಚ್ಚಿರುವುದು ಯುದ್ಧವಿಮಾನದ ಬಾಗಿಲೊಂದೇ. ಆ ವಿಮಾನದೊಳಗೇ ಮೂರೂ ಸೇನೆಗಳ ಮಹಾದಂಡನಾಯಕಿ ಹೋಗಿ ಕೂತರು. ಸಂಪುಟದ ಸಲಹೆ ಮೀರಿ ತುಟಿ ಬಿಚ್ಚಲಾಗದ ಹುದ್ದೆಯಲ್ಲಿರುವವರು ಇದಕ್ಕಿಂತ ಗಟ್ಟಿಯಾಗಿ ಹೇಗೆ ಉತ್ತರಿಸಬೇಕಿತ್ತು?

ಇದೇ ನೆಲೆಯಿಂದ 2006ರ ಜೂನ್‌ನಲ್ಲಿ ಹಿಂದಿನ ರಾಷ್ಟ್ರಪತಿ ಕಲಾಂ ಹಾರಿದ್ದರಲ್ಲ, ಇದು ನಕಲು ಎನ್ನುತ್ತಾರೆ. ಕಲಾಂ ಹಾರಿದರೆ ವಿಜ್ಞಾನಿಯ ಕನಸು, ಪ್ರತಿಭಾ ಹಾರಿದರೆ ಪ್ರಚಾರದ ಗೀಳು! ಈ ತಕ್ಕಡಿಯನ್ನು ಯಾವ ಸಂತೆಯಿಂದ ತಂದರೋ. ರಬ್ಬರ್ ಸ್ಟ್ಯಾಂಪ್ ಎಂಬ ದೂರಿಗಂತೂ ಉತ್ತರವೇ ಬೇಡ; 42ನೇ ತಿದ್ದುಪಡಿಯ ನಂತರ ಸಲಹೆಯಂತೆ ನಡೆಯುವುದೇ ಸಂವಿಧಾನ. ಮಹಿಳಾ ಮೀಸಲಾತಿ ಮಸೂದೆಯನ್ನು ನೂರು ದಿನಗಳ ಕಾರ್ಯಪಟ್ಟಿಯಲ್ಲಿ ಸೇರಿಸಿ ಕಳೆದ ಜೂನ್ 4ರಂದು ಸಂಸತ್ತಿನಲ್ಲಿ ಓದಿದವರೂ ಇವರೇ. ಆ ನೂರು ದಿನ ಕಳೆದು ನಾಲ್ಕು ತಿಂಗಳಾದರೂ ಮಸೂದೆ ಕದಲಿಲ್ಲ. ಅದರ ಹೊಣೆ ಭಾಷಣ ಬರೆದುಕೊಟ್ಟ ಸರ್ಕಾರದ್ದು, ಇವರು ಓದಿದ್ದಷ್ಟೇ.

ವಿರೋಧ

ಹಾರಾಟಕ್ಕೆ ನಮ್ಮ ಆಕ್ಷೇಪವಿಲ್ಲ, ಧೈರ್ಯವಂತರು ಹೌದು. ಪ್ರಶ್ನೆ ಇರುವುದು ಅಂಕಿತದ ಪೆನ್ನಿನ ಬಗ್ಗೆ. ಮೊದಲನೆಯದು ಕ್ಷಮಾದಾನ. 1993ರ ಪಾಲಾರ್ ಸ್ಫೋಟದಲ್ಲಿ 22 ಮಂದಿ ಸತ್ತರು. ಆ ಪ್ರಕರಣದಲ್ಲಿ ಕಾಡುಗಳ್ಳ ವೀರಪ್ಪನ್‌ನ ನಾಲ್ವರು ಸಹಚರರಿಗೆ ಸುಪ್ರೀಂ ಕೋರ್ಟ್ 2004ರಲ್ಲಿ ಗಲ್ಲು ವಿಧಿಸಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ಹೌದೋ ಅಲ್ಲವೋ ಎಂಬ ಉತ್ತರಕ್ಕೆ ಇನ್ನೂ ಕಾದಿದ್ದಾರೆ. ಸಂಸತ್ ದಾಳಿ ಪ್ರಕರಣದಲ್ಲಿ ಗಲ್ಲಿಗೆ ಗುರಿಯಾದ ಅಫ್ಜಲ್ ಗುರು ಪರವಾದ ಅರ್ಜಿ 2006ರದು. ಇಂಥ ಕಡತಗಳು ಗೃಹ ಸಚಿವಾಲಯದಲ್ಲಿ ಕೊಳೆಯುತ್ತವೆ ಎಂಬುದು ನಿಜ, ಕಲಾಂ ಕೂಡ ಹೆಚ್ಚಿನ ಅರ್ಜಿಗಳನ್ನು ಹಾಗೆಯೇ ಬಿಟ್ಟು ಹೋದರು ಎಂಬುದೂ ನಿಜ. ಆದರೂ ಕಳುಹಿಸಿಕೊಡಿ ಎಂದು ಕೇಳಲು ಯಾವ ವಿಧಿಯೂ ಅಡ್ಡಬರುವುದಿಲ್ಲ.

ಎರಡನೆಯದು, ಮರಳಿಸುವ ಅಧಿಕಾರ. ರಾಷ್ಟ್ರಪತಿ ಆಳ್ವಿಕೆಯ ಶಿಫಾರಸುಗಳನ್ನು ಆಗಿನ ರಾಷ್ಟ್ರಪತಿ ನಾರಾಯಣನ್ 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲೂ 1998ರಲ್ಲಿ ಬಿಹಾರದ ವಿಷಯದಲ್ಲೂ ಹಿಂದಕ್ಕೆ ಕಳಿಸಿದರು. ಲಾಭದಾಯಕ ಹುದ್ದೆ ಮಸೂದೆಯನ್ನು ಕಲಾಂ 2006ರಲ್ಲಿ ಮರಳಿಸಿದರು. ಇವರ ಕಾಲದಲ್ಲಿ ಅಂಥದ್ದು ನಡೆದಿಲ್ಲ. ಮರಳಿಸಲೇಬೇಕಾದಂಥದ್ದು ಬಂದಿತ್ತೇ ಎಂದರೆ, ದೊಡ್ಡದೇನೂ ಬರಲಿಲ್ಲ ಎಂದು ಒಪ್ಪಬೇಕು. ಆದರೆ ರಾಜಸ್ಥಾನದ ರಾಜ್ಯಪಾಲರಾಗಿದ್ದಾಗ, 2006ರಲ್ಲಿ, ಮತಾಂತರ ತಡೆ ಮಸೂದೆಗೆ ಸಹಿ ಹಾಕದೆ ನಿಂತವರು ಇವರೇ ಅಲ್ಲವೇ? ಜೈಪುರದಲ್ಲಿ ತೋರಿದ ಆ ಬಿಗಿ ದೆಹಲಿಯಲ್ಲಿ ಕಾಣುತ್ತಿಲ್ಲ. ಮೂರನೆಯದು ವಿದೇಶ ಪ್ರವಾಸ: ಬ್ರೆಜಿಲ್, ಮೆಕ್ಸಿಕೊ, ಚಿಲಿ, ವಿಯೆಟ್ನಾಂ, ಸ್ಪೇನ್, ಪೋಲೆಂಡ್, ರಷ್ಯಾ, ಬ್ರಿಟನ್. ಹೋಗಬಾರದೆಂದಲ್ಲ, ಆದರೆ ಪಟ್ಟಿ ಉದ್ದವಾಯಿತು.

ಇನ್ನೂ ಎರಡೂವರೆ ವರ್ಷ ಬಾಕಿ ಇದೆ. ಹಿಂಡಲಗಾದ ನಾಲ್ವರ ಕಡತವನ್ನು ಮೊದಲು ತರಿಸಿ ನೋಡಲಿ.