ಬಯಲಿನ ಚಿತ್ರಕ್ಕೆ ಎಂಥ ಮಸೂರ?
ಕವಲಂದೆಯ ರೈಲು ನಿಲ್ದಾಣದಾಚೆಯ ಹೊಲಬಯಲನ್ನು ಚಿತ್ರದಲ್ಲಿ ಹಿಡಿಯಬಯಸುವ ತರುಣರು ಮೊದಲು ಒಂದು ಲೆಕ್ಕವನ್ನರಿಯಬೇಕು. ಸಣ್ಣ ಸಂವೇದಕದ ಕ್ಯಾಮೆರಾದಲ್ಲಿ ಮಸೂರದ, ಅಂದರೆ ಲೆನ್ಸಿನ, ನೋಟ ಕಿರಿದಾಗುತ್ತದೆ. ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿರಿ: 18 ಮಿ.ಮೀ. ಮಸೂರವು ಹಳೆಯ ಫಿಲ್ಮಿನ 27, 29ರಷ್ಟೇ ಅಗಲವನ್ನು ತೋರುವುದು. ನಂಜನಗೂಡಿನ 120 ಅಡಿಯ ರಾಜಗೋಪುರವನ್ನು ತೀರ ಸಮೀಪದಿಂದ ಹಿಡಿಯಲು ಇದು ಸಾಲದು, 10 ಮಿ.ಮೀ. ಬೇಕು. ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುವುದೆಂಬುದೂ ನೆನಪಿರಲಿ.

ಬಯಲಿಗಾದರೋ ನಾವು 10ನ್ನು ಅವಸರದಿಂದ ಹೇಳೆವು. ದೂರದ ಬೆಟ್ಟ ಇರುವೆಯಷ್ಟಾಗಿ, ಉಳಿದುದೆಲ್ಲ ಬರಿಯ ನೆಲ, ಬರಿಯ ಆಕಾಶ! ಕಾಲ ಬುಡದಲ್ಲಿ ಬದುವೋ ಬಂಡೆಯೋ ಇದ್ದರೆ ಮಾತ್ರ ಅದು ಸಾರ್ಥಕ. ಹಣ ಬಿಚ್ಚುವ ಮೊದಲು, ಕೈಯಲ್ಲಿರುವ 18–55ರಿಂದಲೇ ಒಂದು ಸುಗ್ಗಿಯ ಚಿತ್ರಗಳನ್ನು ತೆಗೆದು, ಎಷ್ಟು ಬಾರಿ ಹಿಂದೆ ಸರಿಯಬೇಕಾಯಿತೆಂದು ಎಣಿಸಿ ನೋಡಿರಿ.