ಬಾನೆಟ್ಟಿನ ಕೆಳಗಿನ ಸಂಸಾರ

ಈ ಅಂಕಣದಲ್ಲಿ ಬಾಡಿಗೆ ಮನೆಯ ವಿಷಯ ಬರೆದದ್ದಾಯಿತು, ಮಕ್ಕಳ ಶಾಲೆಯ ವಿಷಯವಾಯಿತು, ಲೋಕಲ್ ಗಾಡಿಯ ನೂಕುನುಗ್ಗಲೂ ಆಯಿತು. ಈ ಸಲ ಮೋಟಾರು ಎಂಜಿನ್ನಿನ ವಿಷಯ. ವಾಚಕರು ನಗಬಾರದು.

ನಮ್ಮ ಸಂಘದ ಸಮಾರಂಭಗಳಿಗೆ ಮೊದಲೆಲ್ಲ ಜನ ಸ್ಟೇಶನ್ನಿನಿಂದ ನಡೆದೇ ಬರುತ್ತಿದ್ದರು. ಈಗ ಸಭಾಗೃಹದ ಹೊರಗೆ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಹೊಸ ಕಾರು ತಂದವರನ್ನು ಎಲ್ಲರೂ ಕೇಳುವ ಪ್ರಶ್ನೆಗಳು ಮೂರೇ: ಎಷ್ಟಕ್ಕೆ ಬಂತು, ಲೀಟರಿಗೆ ಎಷ್ಟು ಓಡುತ್ತದೆ, ಬಣ್ಣ ಆರಿಸಿದವರು ಯಾರು? ಬಾನೆಟ್ಟು ಎತ್ತಿಸಿ ಒಳಗೇನಿದೆ ಎಂದು ಕೇಳಿದವರನ್ನು ನಾವು ಕಂಡಿಲ್ಲ. ನಾವೂ ಕೇಳಿದವರಲ್ಲ. ಬಿ.ಎ. ಮುಗಿಸಿ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವುವ ಗುಮಾಸ್ತನಿಗೆ ಪಿಸ್ಟನ್ನಿನ ಗೊಡವೆ ಯಾತಕ್ಕೆ ಎಂದುಕೊಂಡಿದ್ದೆವು. ಆ ಅಜ್ಞಾನಕ್ಕೆ ತೆತ್ತ ಬೆಲೆಯನ್ನು ಮುಂದೆ ಹೇಳುತ್ತೇವೆ.

ನಾಲ್ಕು ವರ್ಷದ ಕೆಳಗೆ ನಾವೊಂದು ಹಳೆಯ ವ್ಯಾಗನ್‌ಆರ್ ಕೊಂಡೆವು. ಅದರಲ್ಲಿರುವುದು ಕೆ10ಬಿ ಎಂಬ ಪೆಟ್ರೋಲ್ ಎಂಜಿನ್ನು. 2008ರಲ್ಲಿ ಎ-ಸ್ಟಾರ್ ಕಾರಿನೊಡನೆ ನಮ್ಮ ದೇಶದ ರಸ್ತೆಗಿಳಿದು, 2010ರಲ್ಲಿ ವ್ಯಾಗನ್‌ಆರಿಗೂ ಆಲ್ಟೋಗೂ ಬಂತು. ಸಿಲಿಂಡರುಗಳು ಮೂರು. ಒಂದೊಂದರ ಒಳವ್ಯಾಸ 73 ಮಿಲಿಮೀಟರು. ಪಿಸ್ಟನ್ನು ಏರಿಳಿಯುವ ದೂರ 79.5 ಮಿಲಿಮೀಟರು. ಮಕ್ಕಳ ಗಣಿತದ ಪುಸ್ತಕ ತೆಗೆದು ಲೆಕ್ಕ ಮಾಡಿ ನೋಡಿ, ಮೂರೂ ಸೇರಿ 998 ಘನ ಸೆಂಟಿಮೀಟರು ಬರುತ್ತದೆ. ಒಂದು ಲೀಟರು ಹಾಲು ಹಿಡಿಯುವಷ್ಟು ಜಾಗ. ನಿಮಿಷಕ್ಕೆ 6200 ಸುತ್ತು ತಿರುಗುವಾಗ ಈ ಜಾಗದಿಂದ ಸುಮಾರು 67 ಅಶ್ವಶಕ್ತಿ ಹೊರಡುತ್ತದೆ.

ನಮ್ಮ ಮೇಲಿನ ಅಂತಸ್ತಿನ ರಾಯರಿಗೆ ಈ ಅಂಕಿ ಹೇಳಿದರೆ ನಂಬಲೊಲ್ಲರು. ಅವರು ಪದ್ಮಿನಿಯ ಕಾಲದವರು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಫಿಯೆಟ್ 1100 ಎಂಬ ಹೆಸರಿನಲ್ಲಿ ಬಂದು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ನಾಮಕರಣವಾದ ಆ ಕಾರಿಗೆ ನಾಲ್ಕು ಸಿಲಿಂಡರು, 1089 ಘನ ಸೆಂಟಿಮೀಟರು. ಶಕ್ತಿ ಮಾತ್ರ ನಲವತ್ತರ ಆಸುಪಾಸು. ದೊಡ್ಡ ಹೊಟ್ಟೆಯವನಿಗೆ ಕಡಿಮೆ ಬಲ, ಸಣ್ಣ ಹೊಟ್ಟೆಯವನಿಗೆ ಹೆಚ್ಚು ಬಲ ಹೇಗೆಂದರೆ, ಉಣಿಸುವ ಕ್ರಮದಲ್ಲಿ ವ್ಯತ್ಯಾಸ. ಪದ್ಮಿನಿಗೆ ಕಾರ್ಬ್ಯುರೇಟರು ಅಂದಾಜಿನಲ್ಲಿ ಬಡಿಸುತ್ತಿತ್ತು. ಈಗಿನದರಲ್ಲಿ ಸಿಲಿಂಡರಿಗೆ ನಾಲ್ಕು ನಾಲ್ಕು ವಾಲ್ವುಗಳು. ಪೆಟ್ರೋಲನ್ನು ಕಂಪ್ಯೂಟರು ಅಳೆದು ಚಿಮ್ಮಿಸುತ್ತದೆ. ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕಡೆಯದು 2003ರ ಅಕ್ಟೋಬರ್ 29ರಂದು ನೋಂದಣಿಯಾಗಿ, ಇಪ್ಪತ್ತು ವರ್ಷದ ಆಯುಸ್ಸು ತೀರಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ರಾಯರು ಆ ದಿನ ಊಟ ಸರಿಯಾಗಿ ಮಾಡಲಿಲ್ಲವಂತೆ.

ಪದ್ಮಿನಿಯ ಕಾಲದ ರಾಯರು ನಮ್ಮ ಕಾರು ಬಂದ ದಿನವೇ ಹೇಳಿದ್ದ ಮಾತು ಒಂದು: “ದಿನಾ ಬೆಳಿಗ್ಗೆ ನೀರು ನೋಡ್ರಿ.” ಹಳಬರ ಮಡಿ ಎಂದು ನಾವು ನಕ್ಕುಬಿಟ್ಟೆವು.

ಈಗ ನೋಡಿ. ಪೆಟ್ರೋಲು ಉರಿದು ಬರುವ ಕಾವನ್ನು ಒಂದು ರೂಪಾಯಿ ಎಂದಿಟ್ಟುಕೊಂಡರೆ, ಎಂಜಿನ್ನು ಅದರಲ್ಲಿ ಕೆಲಸಕ್ಕೆ ತಿರುಗಿಸಿಕೊಳ್ಳುವುದು ನಾಲ್ಕಾಣೆ, ಹೆಚ್ಚೆಂದರೆ ಐದಾಣೆ. ಉಳಿದದ್ದು ಸೈಲೆನ್ಸರಿನಿಂದ ಹೊಗೆಯೊಡನೆ ಹೋಗಬೇಕು, ಇಲ್ಲವೆ ನೀರಿನ ಮೂಲಕ ರೇಡಿಯೇಟರಿಗೆ ಬಂದು ಗಾಳಿಗೆ ಆರಬೇಕು. ಈ ನೀರು ಬರಿಯ ನೀರಲ್ಲ, ಕೂಲಂಟ್ ಬೆರೆಸಿದ್ದು. ಅದು ತುಕ್ಕು ಹಿಡಿಯಗೊಡುವುದಿಲ್ಲ, ಬೇಗ ಕುದಿಯುವುದೂ ಇಲ್ಲ. ರೇಡಿಯೇಟರಿನ ಮುಚ್ಚಳ ಅಡಿಗೆಮನೆಯ ಕುಕ್ಕರಿನ ಮುಚ್ಚಳದ ಜಾತಿಯದು. ಒಳಗೆ ಒತ್ತಡ ಹಿಡಿದಿಡುವುದರಿಂದ ನೂರು ಡಿಗ್ರಿ ದಾಟಿದರೂ ನೀರು ಕುದಿಯದು. ಸೀಟಿ ಇಳಿಯದ ಕುಕ್ಕರನ್ನು ನಮ್ಮ ಮನೆಯಲ್ಲಿ ಯಾರೂ ತೆರೆಯುವುದಿಲ್ಲ. ಕಾದ ರೇಡಿಯೇಟರನ್ನು ಮಾತ್ರ ಗಂಡಸರು ಕೈವಸ್ತ್ರ ಹಿಡಿದು ತಿರುವಲು ಹೋಗುತ್ತಾರೆ. ಮುಖ ಸುಟ್ಟುಕೊಂಡವರನ್ನು ಹೆದ್ದಾರಿಯ ಯಾವ ಗ್ಯಾರೇಜಿನವರನ್ನು ಕೇಳಿದರೂ ಹೇಳುತ್ತಾರೆ.

ಎರಡು ವರ್ಷದ ಕೆಳಗಿನ ಮೇ ತಿಂಗಳು. ಹುಬ್ಬಳ್ಳಿಯಿಂದ ಫೋನು ಬಂತು. ನಮ್ಮ ಸೋದರಮಾವ, ಅವ್ವನ ಬೆನ್ನಿಗೆ ಬಿದ್ದ ತಮ್ಮ, ಹಾಸಿಗೆ ಹಿಡಿದಿದ್ದರು. ಅಕ್ಕನನ್ನು ಕರೆಯಿರಿ ಎನ್ನುತ್ತಿದ್ದರಂತೆ. ರೈಲಿಗೆ ಟಿಕೇಟಿರಲಿಲ್ಲ. ಡೊಂಬಿವಲಿಯಿಂದ ಐನೂರು ಚಿಲ್ಲರೆ ಕಿಲೋಮೀಟರು. ಕಾರಿದೆಯಲ್ಲ ಎಂದು ನಸುಕಿಗೇ ಹೊರಟೆವು. ಐದು ಜನ, ಮೇಲೆ ಸಾಮಾನು, ಒಳಗೆ ಏಸಿ. ಆ ಮೊದಲ ಮೂರು ತಿಂಗಳಿಂದ ರೇಡಿಯೇಟರಿನ ರಬ್ಬರು ಕೊಳವೆಯೊಂದು ಸಣ್ಣಗೆ ಜಿನುಗುತ್ತಿತ್ತು. ಕಟ್ಟಡದ ನೆಲದ ಮೇಲೆ ಹಸಿರು ಕಲೆ ಬೀಳುವುದನ್ನು ಕಂಡಿದ್ದೆವು. ಪಕ್ಕದ ಗಾಡಿಯದಿರಬೇಕು ಎಂದುಕೊಂಡೆವು.

ಪುಣೆ ದಾಟಿ ಖಂಬಾಟ್ಕಿ ಘಾಟು ಹತ್ತುವಾಗ ಕೆಂಪು ದೀಪ ಹತ್ತಿತು. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಕಾವು ತೋರಿಸುವ ಮುಳ್ಳಿಲ್ಲ, ಈ ದೀಪ ಒಂದೇ. ಅದು ಹತ್ತಿದಾಗ ಹೊತ್ತು ಮೀರುತ್ತಾ ಬಂದಿರುತ್ತದೆ. ಆ ಕ್ಷಣದಲ್ಲಿ ಏಸಿ ನಿಲ್ಲಿಸಿ, ಬದಿಗೆ ಸರಿದು, ಎಂಜಿನ್ನು ಆರಿಸಬೇಕಿತ್ತು. ಜಾಗ ಸಿಗುವವರೆಗೆ ಹೀಟರನ್ನು ಪೂರ್ತಿ ತಿರುವಿಟ್ಟರೆ ಒಂದಿಷ್ಟು ಕಾವು ಒಳಗೆ ಇಳಿಯುತ್ತದೆ, ಕೂತವರು ಬೆವರಲಿ. ನಾವು ಇದಾವುದನ್ನೂ ಮಾಡಲಿಲ್ಲ. ಘಾಟಿನ ನೆತ್ತಿ ಎರಡೇ ಕಿಲೋಮೀಟರು, ಮಾವ ಕಾಯುತ್ತಿದ್ದಾರೆ ಎಂದು ಒತ್ತಿದೆವು. ನೆತ್ತಿ ಬರುವ ಮೊದಲೇ ಆವಿ ಎದ್ದು, ಎಂಜಿನ್ನು ನಿಂತಿತು.

ಸಾತಾರಾಕ್ಕೆ ಎಳೆಸಿಕೊಂಡು ಹೋದಾಗ ಅಲ್ಲಿಯ ಮಿಸ್ತ್ರಿ ಆಯಿಲ್ ಕಡ್ಡಿ ಎಳೆದು ತೋರಿಸಿದ. ಎಣ್ಣೆ ಹಾಲು ಬೆರೆತ ಕಾಫಿಯಂತಿತ್ತು. ನೀರು ಎಣ್ಣೆಯೊಳಗೆ ಇಳಿದಿತ್ತು: ಸಿಲಿಂಡರುಗಳಿಗೂ ಮೇಲಿನ ಹೆಡ್ಡಿಗೂ ನಡುವಿನ ಗ್ಯಾಸ್ಕೆಟ್ಟು ಸುಟ್ಟು, ಅಲ್ಯೂಮಿನಿಯಮ್ ಹೆಡ್ಡು ಡೊಂಕಾಗಿತ್ತು. ಇಪ್ಪತ್ತೆಂಟು ಸಾವಿರ ರೂಪಾಯಿ. ಕೊಳವೆಯ ಬೆಲೆ ಕೇಳಿದೆವು, ನಾನೂರು ಅಂದ.

ರಾತ್ರಿಯ ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಹುಬ್ಬಳ್ಳಿ ಮುಟ್ಟಿದೆವು. ಮಾವ ಇದ್ದರು. ಆದರೆ ಹಿಂದಿನ ಸಂಜೆಯವರೆಗೆ ಇದ್ದ ಮಾತು ನಿಂತುಹೋಗಿತ್ತು. ಅವ್ವ ಎರಡು ದಿನ ಅವರ ಕೈ ಹಿಡಿದುಕೊಂಡು ಕೂತಳು. ನಮಗೆ ಏನೂ ಅನ್ನಲಿಲ್ಲ.

ಇರಲಿ. ಇನ್ನು ಸಣ್ಣಪುಟ್ಟ ಬೇನೆಗಳು. ಮೂರು ಸಿಲಿಂಡರಿನ ಎಂಜಿನ್ನು ನಿಂತಲ್ಲಿ ಕೊಂಚ ನಡುಗುವುದು ಹುಟ್ಟುಗುಣ. ಆದರೆ ಇದ್ದಕ್ಕಿದ್ದಂತೆ ಹೆಚ್ಚು ಕುಲುಕಿ, ಏರು ಹತ್ತಲಾರದೆ, ಹಳದಿ ದೀಪ ಮಿಣುಕಿದರೆ ಒಂದು ಸಿಲಿಂಡರು ಮುಷ್ಕರ ಹೂಡಿದೆ ಎಂದರ್ಥ. ನಾಲ್ವರಲ್ಲಿ ಒಬ್ಬ ಕೂತರೆ ಹೇಗೋ ನಡೆದೀತು, ಮೂವರಲ್ಲಿ ಒಬ್ಬ ಕೂತರೆ ಮನೆ ನಡೆಯುವುದಿಲ್ಲ. ಬಹುಶಃ ಪ್ಲಗ್ಗು ಅಥವಾ ಕಾಯಿಲ್. ಕೆಲವೊಮ್ಮೆ ಎಂಜಿನ್ನನ್ನು ಹಿಡಿದಿರುವ ರಬ್ಬರು ಮೌಂಟಿಂಗು ಸವೆದೂ ನಡುಕ ಬರುತ್ತದೆ. ನಮ್ಮವರ ಇನ್ನೊಂದು ರೋಗ ಬ್ಯಾಟರಿಯದು. ವಾರವೆಲ್ಲ ಲೋಕಲ್ ಗಾಡಿಯಲ್ಲಿ ಕಚೇರಿ, ಆದಿತ್ಯವಾರ ಮಾತ್ರ ಎರಡು ಕಿಲೋಮೀಟರಿನ ಸಂತೆ. ಎಂಜಿನ್ನು ಪೂರ್ತಿ ಬಿಸಿಯೇ ಆಗುವುದಿಲ್ಲ. ಬ್ಯಾಟರಿ ತುಂಬುವುದಿಲ್ಲ, ಎಣ್ಣೆಯಲ್ಲಿ ಸೇರಿದ ತೇವ ಆರುವುದಿಲ್ಲ. ವಾರಕ್ಕೊಮ್ಮೆಯಾದರೂ ಶೀಳ್ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ಆ ರಸ್ತೆಯ ಸಂಚಾರದಲ್ಲಿ ಅರ್ಧ ಗಂಟೆ ತಾನಾಗಿಯೇ ಆಗುತ್ತದೆ.

ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2023ರ ಫೆಬ್ರುವರಿಯಲ್ಲಿ ಕೆಲವೆಡೆ ಸುರುವಾಗಿ 2025ರ ಹೊತ್ತಿಗೆ ಎಲ್ಲೆಡೆ ಬಂತು. ಲೀಟರಿಗೆ ಲೀಟರು ನೋಡಿದರೆ ಎಥನಾಲಿನ ಕಸುವು ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಿಮೆ. ಆದ್ದರಿಂದ ಓಟ ತುಸು ಇಳಿಯುವುದು ಸಹಜ. ಹಳೆಯ ಕಾರಿನ ರಬ್ಬರು ಕೊಳವೆಗಳನ್ನು ವರ್ಷಕ್ಕೊಮ್ಮೆ ನೋಡಿಸಬೇಕು. ಎಥನಾಲು ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿಗೆ ಅದು ಹಿತವಲ್ಲ. ಬೆಳಗಾವಿ ಕಡೆಯ ವಾಚಕರು ಮಾತ್ರ, ನಮ್ಮ ಕಬ್ಬು ನಮ್ಮ ಟ್ಯಾಂಕಿಗೇ ಬಂತಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು.

ನೀರು ಕಡಿಮೆಯಾಗಿ ಎಂಜಿನ್ನು ಕೆಟ್ಟ ಕಥೆ ಹೇಳಿದೆವು. ನಮ್ಮ ಈ ಸೀಮೆಯಲ್ಲಿ ನೀರು ಹೆಚ್ಚಾಗಿ ಕೆಡುವುದೂ ಉಂಟು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದದ್ದನ್ನು ಹಿರಿಯರು ಮರೆತಿಲ್ಲ. 2019ರ ಜುಲೈ 27ರಂದು ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸು ಬದಲಾಪುರದಾಚೆ ಉಲ್ಹಾಸ ನದಿಯ ನೆರೆಯಲ್ಲಿ ಸಿಕ್ಕಿಕೊಂಡಿತ್ತು. ರೈಲಿಗೇ ಆ ಗತಿಯಾದರೆ ಕಾರಿನ ಪಾಡೇನು?

ಎಂಜಿನ್ನು ಉಸಿರಾಡುವುದು ಮುಂದುಗಡೆಯ ಕೊಳವೆಯಿಂದ. ನೀರು ಆ ಮಟ್ಟಕ್ಕೇರಿದರೆ ಗಾಳಿಯ ಬದಲು ನೀರನ್ನೇ ಸೇದುತ್ತದೆ. ಗಾಳಿಯನ್ನು ಪಿಸ್ಟನ್ನು ಅದುಮಬಲ್ಲದು, ನೀರನ್ನು ಅದುಮಲಾರದು. ಅದುಮಲು ಹೋಗಿ ಪಿಸ್ಟನ್ನಿನ ಕೆಳಗಿನ ಕನೆಕ್ಟಿಂಗ್ ರಾಡು ಬಾಗುತ್ತದೆ. ನೀರಲ್ಲಿ ಕಾರು ನಿಂತುಹೋದರೆ ಎಂಜಿನ್ನು ಇನ್ನೂ ಉಳಿದಿರಬಹುದು. ನಿಂತದ್ದನ್ನು ಮತ್ತೆ ಸುರುಮಾಡಲು ಕೀಲಿ ತಿರುವುವುದೇ ಅನೇಕ ಸಲ ಅದನ್ನು ಕೊಲ್ಲುತ್ತದೆ. ವಾಶಿಯ ನಮ್ಮ ಮಿತ್ರರೊಬ್ಬರು ಹೀಗೆ ಮೂರು ಸಲ ತಿರುವಿದರು. ಮೂರನೆಯ ಸಲ ಕೇಳಿದ ಸದ್ದನ್ನು ಈಗಲೂ ಬಾಯಿಯಲ್ಲಿ ಮಾಡಿ ತೋರಿಸುತ್ತಾರೆ. ವಿಮೆಯವರು ಕೊಡಲಿಲ್ಲ, ಸಾಮಾನ್ಯ ಪಾಲಿಸಿಯಲ್ಲಿ ಈ ಬಗೆಯ ಹಾನಿ ಬಹುತೇಕ ಸೇರಿರುವುದಿಲ್ಲ, ಎಂಜಿನ್ ರಕ್ಷಣೆಯೆಂದು ಬೇರೆ ಹಣ ಕಟ್ಟಬೇಕು. ನವೀಕರಣದ ಕಾಗದ ಬಂದಾಗ ಆ ಸಾಲನ್ನು ಹುಡುಕಿ ಓದಿ.

ಕಳೆದ ಮಳೆಗಾಲದಲ್ಲಿ ನಮ್ಮ ಕಟ್ಟಡದ ಕೆಳಗೂ ರಾತ್ರಿಯಲ್ಲಿ ಮೊಳಕಾಲುದ್ದ ನೀರು ನಿಂತಿತು. ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಒಂದು ಸಲ ಸುರುಮಾಡಿ ನೋಡೋಣವೆಂದು ಕೀಲಿಗಾಗಿ ಗೂಟದ ಮೇಲೆ ಕೈಯಾಡಿಸಿದರೆ ಕೀಲಿಯಿಲ್ಲ. ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಲೆಯ ಮುಂದೆ ನಿಂತಿದ್ದಳು.

“ಮಿಸ್ತ್ರಿ ಬಂದು ನೋಡ್ಲಿ. ಆಮ್ಯಾಲೆ ಕೊಡ್ತೀನಿ” ಅಂದಳು.

ಮಿಸ್ತ್ರಿ ಹನ್ನೊಂದಕ್ಕೆ ಬಂದ. ಏರ್ ಫಿಲ್ಟರು ಬಿಚ್ಚಿ ನೋಡಿದ, ಒಣಗಿತ್ತು. ಆಯಿಲ್ ಕಡ್ಡಿ ಎಳೆದು ಅವ್ವನಿಗೇ ತೋರಿಸಿದ. ಆಮೇಲೆ ಅವಳು ಗಂಟು ಬಿಚ್ಚಿದಳು. ನಮಗೆ ಆ ದಿನ ಕಚೇರಿಗೆ ಅರ್ಧ ದಿನದ ರಜೆ ಹೋಯಿತು.