ಹಳೆಯ ಕ್ಯೂ ಕೋಲು ಮತ್ತು ಹೊಸ ಹೊಳಪು



ಹಳೆಯ ವಸ್ತುವನ್ನು ಹೊಸದರಂತೆ ಕಾಣಿಸುವುದೇ ಅದರ ಜೀರ್ಣೋದ್ಧಾರವೆಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಗುಡಿಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿಯುವವರೂ, ಅಜ್ಜಿಯ ಕಾಲದ ತೇಗದ ಪೆಟ್ಟಿಗೆಗೆ ಮಿರುಗುವ ವಾರ್ನಿಷ್ ಹಚ್ಚಿಸುವವರೂ ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡುತ್ತಾರೆ. ಆದರೆ ಹಾಗೆ ಮಾಡುವಾಗ ಆ ವಸ್ತು ತನ್ನ ವಿಷಯವಾಗಿ ಹೇಳಬಲ್ಲ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಬಿಲಿಯರ್ಡ್ಸ್ ಆಡುವ ಒಂದು ಹಳೆಯ ಕೋಲಿನ ನೆಪದಲ್ಲಿ ಈ ಮಾತನ್ನು ಇಲ್ಲಿ ವಿಸ್ತರಿಸಬೇಕೆನಿಸಿದೆ.

ನಾನು ಕೋಲಾರದ ಕಡೆ ಪಾಠ ಹೇಳುತ್ತಿದ್ದ ವರ್ಷಗಳ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದ. ಅವನ ತಂದೆ ಚಿನ್ನದ ಗಣಿಯ ಕ್ಲಬ್ಬೊಂದರಲ್ಲಿ ಮಾರ್ಕರ್ ಆಗಿದ್ದವರು. ಮೇಜಿನ ಹಸಿರು ಬಟ್ಟೆಯನ್ನು ಬ್ರಷ್ಷಿನಿಂದ ಸವರುವುದು, ಅಂಕಗಳನ್ನು ಕೂಗಿ ಹೇಳುವುದು, ಸವೆದ ಕೋಲುಗಳಿಗೆ ಹೊಸ ಚರ್ಮದ ತುದಿ ಅಂಟಿಸುವುದು, ಎದುರಾಳಿಯಿಲ್ಲದ ಸದಸ್ಯರೊಡನೆ ಆಡುವುದು ಮಾರ್ಕರನ ಕೆಲಸ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದ ಮೇಲೆ ಸ್ವದೇಶಕ್ಕೆ ಹೊರಟ ಇಂಗ್ಲಿಷ್ ಅಧಿಕಾರಿಯೊಬ್ಬರು ತಮ್ಮ ಕೋಲನ್ನು ಅವರಿಗೆ ಕೊಟ್ಟುಹೋದರಂತೆ. 2001ರಲ್ಲಿ ಗಣಿಗಳೇ ಮುಚ್ಚಿದವು. ತಂದೆಯವರೂ ಈಗಿಲ್ಲ. ಉಳಿದಿರುವುದು ಕೋಲು ಮಾತ್ರ.

ಹಳೆಯ ಸಾಮಾನುಗಳ ವ್ಯಾಪಾರಿಯೊಬ್ಬ ಅದನ್ನು ನೋಡಿ ಒಂದು ಸಲಹೆ ಕೊಟ್ಟಿದ್ದಾನೆ: ಮೈಯನ್ನೆಲ್ಲ ಉಜ್ಜಿ ವಾರ್ನಿಷ್ ಹಚ್ಚೋಣ, ಬಿದ್ದುಹೋಗಿರುವ ತಯಾರಕರ ಬಿಲ್ಲೆಯ ಜಾಗದಲ್ಲಿ ಪ್ರಸಿದ್ಧ ಕಂಪನಿಯ ಬಿಲ್ಲೆಯೊಂದನ್ನು ಕೂರಿಸೋಣ, ಬೆಲೆ ಹಲವು ಪಟ್ಟು ಏರುತ್ತದೆ. ಮಗಳ ಮದುವೆಯ ಖರ್ಚನ್ನು ತಲೆಯ ಮೇಲೆ ಹೊತ್ತಿರುವವನಿಗೆ ಇದು ಸಣ್ಣ ಮಾತಲ್ಲ. "ಏನು ಮಾಡಲಿ, ಸಾರ್?" ಎಂದು ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನೇ ನಿಮ್ಮೆಲ್ಲರಿಗೂ ಹೇಳುತ್ತಿದ್ದೇನೆ.

ಮೊದಲು ಗುರುತಿಸಬೇಕು, ಆಮೇಲೆ ಕೈಹಚ್ಚಬೇಕು. ಅಮೆರಿಕದ ಪೂಲ್ ಆಟದ ಕೋಲುಗಳು ಸಾಮಾನ್ಯವಾಗಿ ಮೇಪಲ್ ಮರದವು; ನಡುವೆ ತಿರುಪಿನಿಂದ ಜೋಡಿಸುವ ಎರಡು ತುಂಡಿನವು. ನಮ್ಮ ದೇಶದ ಹಳೆಯ ಕ್ಲಬ್ಬುಗಳಲ್ಲಿ ಸಿಗುವವು ಹೆಚ್ಚಾಗಿ ಇಂಗ್ಲಿಷ್ ಮಾದರಿಯವು: ಒಂದೇ ತುಂಡು, ಸುಮಾರು 57 ಅಂಗುಲ ಉದ್ದ, ಮುಂಭಾಗ ಆ್ಯಶ್ ಮರ, ಹಿಡಿಯ ಭಾಗ ಕರಿಮರ. ಆ್ಯಶ್ ಮರದ ಎಳೆಗಳು ಬಾಣದ ಮೊನೆಗಳಂತೆ ಒಂದರ ಹಿಂದೊಂದು ಸ್ಪಷ್ಟವಾಗಿ ಕಾಣುತ್ತವೆ. ಮೇಪಲ್ಲಿನ ಮೈ ಹೆಚ್ಚುಕಡಿಮೆ ನಯವಾಗಿರುತ್ತದೆ. ಎರಡು ಮರಗಳು ಕೂಡುವ ಜಾಗವನ್ನು ಗಮನಿಸಬೇಕು. ಕೈಯಿಂದ ಬೆಸೆದ ಕೋಲಿನಲ್ಲಿ ಕರಿಮರದ ನಾಲ್ಕು ಮೊನೆಗಳು ದೀಪದ ಕುಡಿಯಂತೆ ದುಂಡಗೆ ಮುಗಿಯುತ್ತವೆ. ನಾಲ್ಕೂ ತದ್ವತ್ ಸಮವಾಗಿರುವುದಿಲ್ಲ. ಯಂತ್ರದ ಬೆಸುಗೆಯಲ್ಲಿ ಅವು ಗರಗಸದ ಹಲ್ಲಿನಂತೆ ಚೂಪಾಗಿಯೂ ಸಮವಾಗಿಯೂ ಇರುತ್ತವೆ. ನನ್ನ ವಿದ್ಯಾರ್ಥಿಯ ಕೋಲು ಮೊದಲನೆಯ ಜಾತಿಯದು.

ಹಿಡಿಯ ಮೇಲೆ 17 ಎಂಬ ಅಂಕಿ ಒತ್ತಿದೆ. ಅದು ಔನ್ಸಿನ ಲೆಕ್ಕದ ತೂಕ. ಅಂದರೆ ಸುಮಾರು 482 ಗ್ರಾಂ. ತಕ್ಕಡಿಯಲ್ಲಿಟ್ಟಾಗ 478 ಬಂದಿತು. ಕೋಲನ್ನು ಯಾರೂ ಬಹಳವಾಗಿ ಕತ್ತರಿಸಿಲ್ಲ, ಕೆರೆದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಇನ್ನು ಬಿಲ್ಲೆಯ ವಿಚಾರ. ಲಂಡನ್ನಿನ ಥರ್ಸ್ಟನ್, ಬರೋಸ್ ಅಂಡ್ ವಾಟ್ಸ್ ಮೊದಲಾದ ತಯಾರಕರ ಹೆಸರಿನ ಬಿಲ್ಲೆಗಳಿಗೆ ಸಂಗ್ರಾಹಕರಲ್ಲಿ ಬೆಲೆಯುಂಟು. ಆದರೆ ಬಿಲ್ಲೆಯನ್ನು ಒಂದು ಕೋಲಿನಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಬಹುದು. ಮರದ ಬೆಸುಗೆಯನ್ನು ಹಾಗೆ ಕಿತ್ತು ಅಂಟಿಸಲಾಗದು. ಅಮೆರಿಕದ ಜಾರ್ಜ್ ಬಲಬುಷ್ಕ ಎಂಬ ಪ್ರಸಿದ್ಧ ಕುಶಲಕರ್ಮಿ 1975ರಲ್ಲಿ ತೀರಿಕೊಂಡರು. 1986ರ 'ದಿ ಕಲರ್ ಆಫ್ ಮನಿ' ಚಲನಚಿತ್ರದಲ್ಲಿ ಅವರ ಕೋಲೆಂದು ತೋರಿಸಿದ್ದು ಬೇರೊಂದು ತಯಾರಕರ ಕೋಲನ್ನು. ತೆರೆಯ ಮೇಲೆ ಅದು ನಟನೆ. ಮಾರಾಟದಲ್ಲಿ ಅದಕ್ಕೆ ವಂಚನೆಯೆಂದೇ ಹೆಸರು. ಬಿಲ್ಲೆ ದಂತದ್ದಾದರೆ ಇನ್ನೊಂದು ತೊಡಕೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಅದರ ಮುಂದಿನ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ನಿಷೇಧಿಸಿವೆ.

ದುರಸ್ತಿಗೆ ನನ್ನ ಸೂತ್ರ ಸರಳವಾದುದು. ಬದಲಿಸಲೆಂದೇ ಮಾಡಿದ್ದನ್ನು ಬದಲಿಸಿರಿ. ಕೆಲಸಕ್ಕೆ ಅಡ್ಡಿಯಾದುದನ್ನು ಸರಿಪಡಿಸಿರಿ. ಕಾಲ ಮಾಡಿದ ಗುರುತನ್ನು ಮುಟ್ಟಬೇಡಿರಿ. ಚರ್ಮದ ತುದಿ ಸವೆಯಲೆಂದೇ ಇರುವುದು. ಹೊಸದನ್ನು ಅಂಟಿಸುವುದರಲ್ಲಿ ದೋಷವಿಲ್ಲ. ತುದಿಯ ಹಿತ್ತಾಳೆಯ ಬಳೆ ಸಡಿಲವಾಗಿದ್ದರೆ, ಬೆಸುಗೆ ಬಿಟ್ಟಿದ್ದರೆ ಬಲ್ಲವರಿಂದ ಅಂಟು ಹಾಕಿಸಬೇಕು. ಮೈಯ ಕೊಳೆಗೆ ಹಿಂಡಿದ ಒದ್ದೆಬಟ್ಟೆ ಸಾಕು. ಒಡನೆಯೇ ಒಣಬಟ್ಟೆಯಿಂದ ಒರೆಸಬೇಕು. ಆಮೇಲೆ ಅಗಸೆ ಎಣ್ಣೆಯನ್ನು ತೀರ ತೆಳುವಾಗಿ ಸವರಿ, ಹೆಚ್ಚಿನದನ್ನು ಒರೆಸಿ, ಒಂದೆರಡು ದಿನ ಬಿಡಬೇಕು. ಎಣ್ಣೆಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಗಾಳಿಯೊಡನೆ ಕೂಡಿ ಕಾವೇರುವುದರಿಂದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವುಂಟು. ಬಿಡಿಸಿ ಬಯಲಲ್ಲಿ ಒಣಗಿಸಿರಿ. (ವಿಜ್ಞಾನದ ಮೇಷ್ಟರು ಪಾಠ ಬಿಡುವುದಿಲ್ಲವೆಂದು ನಗಬೇಡಿ!)

ಉಪ್ಪುಕಾಗದವನ್ನಂತೂ ದೂರವಿಡಿರಿ. ಒಮ್ಮೆ ಉಜ್ಜಿ ಕಳೆದ ಮರ ಮತ್ತೆ ಬೆಳೆಯುವುದಿಲ್ಲ. ಕೋಲು ಸಣ್ಣಗಾದಂತೆ ಅದರ ಬಿಗಿಯೂ ತಗ್ಗುತ್ತದೆ. ದಪ್ಪ ವಾರ್ನಿಷ್ ಬೆವರಿದ ಕೈಗೆ ಅಂಟುತ್ತದೆ, ಕೋಲು ಬೆರಳುಗಳ ನಡುವೆ ಜಾರುವುದಿಲ್ಲ. ಆಟಕ್ಕೆ ಬಾರದ ಹೊಳಪಿನಿಂದ ಪ್ರಯೋಜನವೇನು?

"ಹಳೆಯ ಕೊಳೆಯಲ್ಲಿ ಅಂಥ ಮಹತ್ವವೇನಿದೆ? ಗೋಡೆಯ ಮೇಲೆ ಅಂದವಾಗಿ ಕಾಣುವುದು ಬೇಡವೇ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸ್ನೂಕರ್ ಹುಟ್ಟಿದ್ದು 1875ರಲ್ಲಿ ಜಬಲ್ಪುರದ ಸೇನಾ ಮೆಸ್ಸಿನಲ್ಲಿ, ನೆವಿಲ್ ಚೇಂಬರ್ಲೇನ್ ಎಂಬ ಅಧಿಕಾರಿಯಿಂದ ಎಂದೂ, ಅದರ ನಿಯಮಗಳು 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ರೂಪುಗೊಂಡವೆಂದೂ ಪುಸ್ತಕಗಳು ಹೇಳುತ್ತವೆ. 1958ರಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿಯನ್ನು ಗೆದ್ದರು; ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿಯವರ ಸಾಧನೆ ನಿಮಗೆಲ್ಲ ತಿಳಿದದ್ದೇ. ಅಧಿಕಾರಿಗಳ ಹೆಸರೂ ಚಾಂಪಿಯನ್ನರ ಹೆಸರೂ ದಾಖಲೆಯಾಗಿವೆ. ದಿನವೂ ಮೇಜನ್ನು ಸಿದ್ಧಪಡಿಸಿ, ಸೋತವರ ಸಿಟ್ಟನ್ನೂ ಗೆದ್ದವರ ಸಂತೋಷವನ್ನೂ ಕಂಡ ಮಾರ್ಕರುಗಳ ಹೆಸರು ಯಾವ ಬಿಲ್ಲೆಯ ಮೇಲೂ ಕಾಣುವುದಿಲ್ಲ. ಈ ಕೋಲಿನ ಹಿಡಿಯಲ್ಲಿ ಹಸ್ತ ಕೂರುವ ಕಡೆ ಮರ ನುಣುಪಾಗಿದೆ. ನಾಲ್ಕು ದಶಕ ಅದನ್ನು ಹಿಡಿದ ಕೈ ಆ ತಂದೆಯದು. ವ್ಯಾಪಾರಿ ಮೊದಲು ಉಜ್ಜಬೇಕೆಂದದ್ದು ಆ ಜಾಗವನ್ನೇ.

ಮಾರಲೇಬಾರದೆಂದು ನಾನು ಹೇಳಲಿಲ್ಲ. ಮನೆಯ ಅಗತ್ಯವನ್ನು ಮನೆಯವರೇ ಬಲ್ಲರು. ಉಪದೇಶದಿಂದ ಮದುವೆ ನಡೆಯುವುದಿಲ್ಲ. ಆದರೆ ಮಾರುವುದಾದರೆ ಇದ್ದುದನ್ನು ಇದ್ದಂತೆಯೇ ಮಾರು ಎಂದೆ: ತಯಾರಕರ ಹೆಸರು ಗೊತ್ತಿಲ್ಲ, ಬೆಸುಗೆ ಕೈಯಿಂದ ಮಾಡಿದ್ದು, ತೂಕ ಇಷ್ಟು, ಬಳಸಿದವರು ಇಂಥವರು ಎಂದು ಒಂದು ಹಾಳೆಯಲ್ಲಿ ಬರೆದು ಜೊತೆಗೆ ಕೊಡು. ಸುಳ್ಳು ಬಿಲ್ಲೆ ಕೂರಿಸಿದ ದಿನ ಆ ಕೋಲಿನಲ್ಲಿ ನಿನ್ನ ತಂದೆಯ ಬದಲು ಒಂದು ಕಂಪನಿಯ ಹೆಸರು ಉಳಿಯುತ್ತದೆ, ಅದೂ ನಿಜವಾದುದಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಳೆಯನ್ನು ನೀವೇ ಬರೆದುಕೊಡಿ ಸಾರ್ ಎಂದ. ಬರೆದುಕೊಟ್ಟಿದ್ದೇನೆ. ತಂದೆಯವರ ಹೆಸರನ್ನು ಮೊದಲ ಸಾಲಿನಲ್ಲಿ ಹಾಕಿದ್ದೇನೆ.

ನಿಮ್ಮ ಮನೆಗಳ ಅಟ್ಟದ ಮೇಲೂ ಇಂಥದೊಂದು ವಸ್ತು ಇರಬಹುದು. ಕೋಲೇ ಆಗಬೇಕೆಂದಿಲ್ಲ, ಹಾರ್ಮೋನಿಯಂ, ಕೈಗಡಿಯಾರ, ಹೊಲಿಗೆಯಂತ್ರ ಯಾವುದಾದರೂ ಸರಿ. ಪಾಲಿಷ್ ಮಾಡುವವನನ್ನು ಕರೆಯುವ ಮುನ್ನ ಅದನ್ನು ಬಳಸಿದ ಹಿರಿಯರನ್ನು ವಿಚಾರಿಸಿ, ಅವರು ಹೇಳಿದ್ದನ್ನು ಬರೆದಿಡಿ. ಎಣ್ಣೆ ಹಚ್ಚಲು ಮುಂದೆಯೂ ಸಮಯವಿರುತ್ತದೆ.